ಹಳೆಯ ವಿದ್ಯುತ್ ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಮತ್ತು ಬೆಲೆ: ಬೂದಿಕೋಟೆ, ಬಂಗಾರಪೇಟೆ, ಕೆಜಿಎಫ್ ಪ್ರದೇಶಕ್ಕೆ ಅನ್ವಯಿಸಿದ ಸಂಶೋಧನಾ ಟಿಪ್ಪಣಿ

1. ವಿಷಯ ಮತ್ತು ಮಿತಿ

ಸೆಕೆಂಡ್ ಹ್ಯಾಂಡ್ ವಿದ್ಯುತ್ ಸ್ಪೋರ್ಟ್ಸ್ ಕಾರಿನ ಬೆಲೆಯನ್ನು ಕಟ್ಟುವಾಗ ಎರಡು ವಯಸ್ಸುಗಳು ಎದುರಾಗುತ್ತವೆ. ಒಂದು, ಆರ್‌ಸಿಯಲ್ಲಿ ನಮೂದಾದ ವಾಹನದ ವಯಸ್ಸು. ಇನ್ನೊಂದು, ಕಾಲ, ಉಷ್ಣತೆ ಮತ್ತು ಚಾರ್ಜಿಂಗ್ ಕ್ರಮಗಳಿಂದ ಸೆಲ್‌ಗಳಲ್ಲಿ ಆಗಿರುವ ಸವಕಳಿ. ಮೊದಲನೆಯದಕ್ಕೆ ದಾಖಲೆಯಿದೆ, ಎರಡನೆಯದನ್ನು ಅಳೆಯಬೇಕು. ಅಳತೆಯ ಸಣ್ಣ ದೋಷವೂ ಬೆಲೆಯಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ತೋರಿಸುವುದು ಈ ಟಿಪ್ಪಣಿಯ ಸೀಮಿತ ಉದ್ದೇಶ.

ಇಲ್ಲಿ ‘ಸ್ಪೋರ್ಟ್ಸ್ ಕಾರು’ ಎಂಬುದನ್ನು ಸ್ವಲ್ಪ ಸಡಿಲವಾದ ಅರ್ಥದಲ್ಲಿ ಬಳಸಲಾಗಿದೆ. ಟೆಸ್ಲಾ ರೋಡ್‌ಸ್ಟರ್, ಪೋರ್ಷೆ ಟೈಕಾನ್, ಆಡಿ ಇ-ಟ್ರಾನ್ ಜಿಟಿ ಇದರ ಕೇಂದ್ರದಲ್ಲಿವೆ. ಬಿಎಂಡಬ್ಲ್ಯು ಐ4, ಕಿಯಾ ಇವಿ6 ಮತ್ತು ಮಹೀಂದ್ರಾ ಬಿಇ 6ಗಳನ್ನು ಹೋಲಿಕೆಗಾಗಿ ಸೇರಿಸಲಾಗಿದೆ. ಬೆಂಗಳೂರಿನಲ್ಲೇ ತಯಾರಾಗುವ ಅಲ್ಟ್ರಾವಯೊಲೆಟ್ ಎಫ್77ರಂತಹ ಸ್ಪೋರ್ಟ್ಸ್ ಬೈಕುಗಳ ವಿಚಾರ ಬೇರೆಯಾದ್ದರಿಂದ ಅವನ್ನು ಕೈಬಿಡಲಾಗಿದೆ.

ಪರಿಭಾಷೆ ಹೀಗಿದೆ. ‘ಯೂನಿಟ್’ ಎಂದರೆ ಕರೆಂಟ್ ಬಿಲ್ಲಿನಲ್ಲಿರುವಂತೆ ಒಂದು ಕಿಲೋವ್ಯಾಟ್ ಗಂಟೆ. ‘ಒಟ್ಟು ಸಾಮರ್ಥ್ಯ’ ಎಂದರೆ ಪ್ಯಾಕಿನ ಎಲ್ಲ ಸೆಲ್‌ಗಳು ಸೇರಿ ಹಿಡಿಯಬಲ್ಲ ಶಕ್ತಿ. ‘ಬಳಕೆಯ ಸಾಮರ್ಥ್ಯ’ ಎಂದರೆ ಅದರಲ್ಲಿ ಚಾಲಕನ ಬಳಕೆಗೆ ತಯಾರಕರು ಬಿಟ್ಟುಕೊಟ್ಟ ಭಾಗ. ‘ಹೆಲ್ತ್’ ಎಂದರೆ ಇಂದಿನ ಸಾಮರ್ಥ್ಯವನ್ನು ಹೊಸದಾಗಿದ್ದಾಗಿನ ಸಾಮರ್ಥ್ಯದಿಂದ ಭಾಗಿಸಿ ಪಡೆದ ಶೇಕಡಾವಾರು.

2. ಬೆಂಗಳೂರಿನ ಪೂರ್ವ ದಾಖಲೆ

ಬ್ಯಾಟರಿ ಹಳತಾದ ವಿದ್ಯುತ್ ಕಾರಿನ ಮರುಮಾರಾಟ ಕರ್ನಾಟಕಕ್ಕೆ ಹೊಸತಲ್ಲ. ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಎಇವಿ ಸಂಸ್ಥೆಗಳು 1994ರಲ್ಲಿ ಜಂಟಿಯಾಗಿ ಕಟ್ಟಿದ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಕಾರನ್ನು ಮಾರುಕಟ್ಟೆಗೆ ತಂದಿತು. ಆರಂಭದ ಮಾದರಿಯಲ್ಲಿ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು ಸರಣಿಯಲ್ಲಿದ್ದವು: 48 ವೋಲ್ಟ್, 200 ಆಂಪಿಯರ್ ಗಂಟೆ, ಅಂದರೆ ಲೆಕ್ಕದಂತೆ 9.6 ಯೂನಿಟ್. ಘೋಷಿತ ರೇಂಜ್ 80 ಕಿ.ಮೀ. ಈ ಎರಡನ್ನು ಹೊಂದಿಸಿದರೆ ಕಿ.ಮೀ.ಗೆ 120 ವ್ಯಾಟ್ ಗಂಟೆ ಬರುತ್ತದೆ. ಆದರೆ ಸೀಸ-ಆಮ್ಲ ಬ್ಯಾಟರಿಯ ಬಾಳಿಕೆ ಉಳಿಸಲು ಸಾಮಾನ್ಯವಾಗಿ ಪಾಲಿಸುವ ಶೇ. 80ರ ಮಿತಿಯನ್ನು ಅನ್ವಯಿಸಿದರೆ ಬಳಕೆಗೆ ಸಿಗುವುದು 7.68 ಯೂನಿಟ್ ಮಾತ್ರ. ಆಗ 80 ಕಿ.ಮೀ.ಗೆ ಕಿ.ಮೀ.ಗೆ 96 ವ್ಯಾಟ್ ಗಂಟೆಯ ಮಿತವ್ಯಯ ಬೇಕಾಗುತ್ತದೆ. ಒಟ್ಟು ಸಾಮರ್ಥ್ಯಕ್ಕೂ ಬಳಕೆಯ ಸಾಮರ್ಥ್ಯಕ್ಕೂ ಇರುವ ಅಂತರ ಆಗಲೂ ಇತ್ತು ಎಂಬುದಕ್ಕಷ್ಟೇ ಇದು ಸಾಕ್ಷಿ.

2009ರ ಜನವರಿಯಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯ ರೇವಾ ಬಂದಿತು. 2010ರ ಮೇ ತಿಂಗಳಲ್ಲಿ ಮಹೀಂದ್ರಾ ಸಂಸ್ಥೆ ಕಂಪನಿಯ ಬಹುಪಾಲು ಷೇರುಗಳನ್ನು ಪಡೆಯಿತು. 2013ರ ಮಾರ್ಚ್‌ನಲ್ಲಿ ಇ2ಒ ಬಿಡುಗಡೆಯಾಯಿತು. ಮರುವರ್ಷವೇ ಬ್ಯಾಟರಿಯ ವೆಚ್ಚವನ್ನು ಕಾರಿನ ಬೆಲೆಯಿಂದ ಬೇರ್ಪಡಿಸಿ ತಿಂಗಳ ಶುಲ್ಕವಾಗಿ ವಸೂಲು ಮಾಡುವ ಯೋಜನೆಯನ್ನು ಅದೇ ಸಂಸ್ಥೆ ಪರಿಚಯಿಸಿತು. ಕಾರು ಬೇರೆ, ಬ್ಯಾಟರಿ ಬೇರೆ ಎಂಬ ಲೆಕ್ಕ ಇಲ್ಲಿ ರೂಢಿಗೆ ಬಂದದ್ದಕ್ಕೆ ಇದು ಆರಂಭದ ನಿದರ್ಶನಗಳಲ್ಲೊಂದು ಎನ್ನಬಹುದು.

ಸ್ಪೋರ್ಟ್ಸ್ ಕಾರಿನ ದಿಕ್ಕಿನಲ್ಲಿ ಎರಡು ಪ್ರಯತ್ನಗಳು ದಾಖಲಾಗಿವೆ. 2009ರ ಫ್ರಾಂಕ್‌ಫರ್ಟ್ ಮೋಟರ್ ಶೋನಲ್ಲಿ ರೇವಾ ಪ್ರದರ್ಶಿಸಿದ ಎರಡು ಸೀಟಿನ ಎನ್ಎಕ್ಸ್‌ಜಿ ಒಂದು. ಅದರ ವಿನ್ಯಾಸ ದಿಲೀಪ್ ಛಾಬ್ರಿಯಾ ಅವರದು, ಘೋಷಿತ ರೇಂಜ್ 200 ಕಿ.ಮೀ., ಗರಿಷ್ಠ ವೇಗ ಗಂಟೆಗೆ 130 ಕಿ.ಮೀ. 2014ರ ಆಟೋ ಎಕ್ಸ್‌ಪೋದಲ್ಲಿ ಮಹೀಂದ್ರಾ ತೋರಿಸಿದ ಹೇಲೋ ಇನ್ನೊಂದು. ಎರಡೂ ಮಾರಾಟದ ಹಂತ ತಲುಪಲಿಲ್ಲ. ಆದ್ದರಿಂದ ದೇಶೀಯ ವಿದ್ಯುತ್ ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಹತ್ತು ಹದಿನೈದು ವರ್ಷಗಳಲ್ಲಿ ಹೇಗೆ ಸವೆಯುತ್ತದೆ ಎಂಬುದಕ್ಕೆ ಸ್ಥಳೀಯ ಸರಣಿ ದಾಖಲೆ ರೂಪುಗೊಂಡಿಲ್ಲ.

ರೇವಾ ಕಾಲದಿಂದ ಉಳಿಸಿಕೊಳ್ಳಬೇಕಾದದ್ದು ಒಂದು ಪ್ರಶ್ನೆ: “ಬ್ಯಾಟರಿ ಯಾವಾಗ ಹಾಕಿಸಿದ್ದು?” ಸೀಸ-ಆಮ್ಲ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಬದಲಿಸಬೇಕಾದ ಸಾಮಗ್ರಿಯಾಗಿದ್ದರಿಂದ ಕೊಳ್ಳುವವರು ಇದನ್ನು ತಪ್ಪದೆ ಕೇಳಬೇಕಾಗಿತ್ತು. ಲಿಥಿಯಂ ಪ್ಯಾಕಿನ ವಿಚಾರದಲ್ಲೂ ಆ ಪ್ರಶ್ನೆ ಅಷ್ಟೇ ಪ್ರಸ್ತುತ. ವಾರಂಟಿಯಲ್ಲಿ ಪ್ಯಾಕ್ ಅಥವಾ ಅದರ ಮಾಡ್ಯೂಲ್ ಬದಲಾಗಿದ್ದರೆ ಕಾರಿನ ವರ್ಷವೂ ಬ್ಯಾಟರಿಯ ವರ್ಷವೂ ಒಂದೇ ಆಗಿರುವುದಿಲ್ಲ.

3. ರೋಡ್‌ಸ್ಟರ್ ದಾಖಲೆ

ಈ ಬಗೆಯ ಕಾರುಗಳ ಪೈಕಿ ಅತಿ ದೀರ್ಘ ದಾಖಲೆ ಇರುವುದು ಮೊದಲ ತಲೆಮಾರಿನ ಟೆಸ್ಲಾ ರೋಡ್‌ಸ್ಟರ್‌ಗೆ. ಲೋಟಸ್ ಎಲೀಸ್ ಕಾರಿನ ಚಾಸಿಯ ಆಧಾರದ ಮೇಲೆ 2008ರಿಂದ 2012ರವರೆಗೆ ಸುಮಾರು 2,450 ಕಾರುಗಳು ತಯಾರಾದವು. ಪ್ಯಾಕಿನಲ್ಲಿ 6,831 ಸಣ್ಣ ಉರುಳೆಯಾಕಾರದ ಸೆಲ್‌ಗಳಿವೆ. ಈ ಸಂಖ್ಯೆ ರಚನೆಯಿಂದಲೇ ದೃಢಪಡುತ್ತದೆ: ಸಮಾಂತರವಾಗಿ ಜೋಡಿಸಿದ 69 ಸೆಲ್‌ಗಳ ಗುಂಪುಗಳು 99, ಸರಣಿಯಲ್ಲಿ; 69 × 99 = 6,831.

ಸಾಮರ್ಥ್ಯದ ಅಂಕಿ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಪ್ರಕಟಿತ ಅಂಕಿ 53 ಯೂನಿಟ್. ಪ್ರತಿ ಸೆಲ್ 2.3 ಆಂಪಿಯರ್ ಗಂಟೆ, 3.6 ವೋಲ್ಟ್ ಎಂದು ಇಟ್ಟುಕೊಂಡರೆ ಒಂದು ಗುಂಪಿಗೆ 158.7 ಆಂಪಿಯರ್ ಗಂಟೆ, ಇಡೀ ಪ್ಯಾಕಿಗೆ ಸುಮಾರು 56.6 ಯೂನಿಟ್. ವ್ಯತ್ಯಾಸ 3.6 ಯೂನಿಟ್, ಅಂದರೆ ಶೇ. 6ಕ್ಕಿಂತ ಹೆಚ್ಚು. ಸೆಲ್‌ನ ಅಂಕಿ ಇಲ್ಲಿ ಊಹೆಯಾದ್ದರಿಂದ ಈ ವ್ಯತ್ಯಾಸಕ್ಕೆ ಹೆಚ್ಚಿನ ಅರ್ಥ ಹಚ್ಚಬಾರದು. ಹೊಸ ರೋಡ್‌ಸ್ಟರ್‌ನ ಗಣಕ ತೋರಿಸುತ್ತಿದ್ದ ಲೆಕ್ಕಾಚಾರದ ಆಂಪಿಯರ್ ಗಂಟೆ ಸುಮಾರು 160ರ ಆಸುಪಾಸಿನಲ್ಲಿತ್ತು ಎಂಬುದರೊಂದಿಗೆ ಮಾತ್ರ 158.7 ಎಂಬ ಅಂಕಿ ಹೊಂದುತ್ತದೆ. ಹಳೆಯ ರೋಡ್‌ಸ್ಟರ್ ಕೊಳ್ಳುವವರು ಓಡೋಮೀಟರ್‌ಗಿಂತ ಮೊದಲು ಈ ಅಂಕಿಯನ್ನು ಕೇಳುವ ರೂಢಿ ಬೆಳೆದದ್ದು ಗಮನಾರ್ಹ.

ಅಮೆರಿಕದ ಪ್ಲಗ್ ಇನ್ ಅಮೆರಿಕ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 1,00,000 ಮೈಲಿ (ಸುಮಾರು 1,61,000 ಕಿ.ಮೀ.) ಓಡಿದ ನಂತರ ರೋಡ್‌ಸ್ಟರ್ ಪ್ಯಾಕ್ ಮೂಲ ಸಾಮರ್ಥ್ಯದ ಶೇ. 80ರಿಂದ 85ರಷ್ಟನ್ನು ಉಳಿಸಿಕೊಳ್ಳುವ ನಿರೀಕ್ಷೆಯಿತ್ತು. ಮಾಹಿತಿ ಕೊಟ್ಟವರು ಸ್ವಇಚ್ಛೆಯ ಮಾಲೀಕರು. ಕೆಟ್ಟುನಿಂತ ಕಾರುಗಳು ಇಂಥ ಮಾದರಿಯಲ್ಲಿ ಕಡಿಮೆ ಸಿಗುವ ಸಂಭವವಿದೆ. ಆದ್ದರಿಂದ ಈ ಅಂಕಿಯನ್ನು ಚೆನ್ನಾಗಿ ನೋಡಿಕೊಂಡ ಕಾರುಗಳ ಅಂದಾಜು ಎಂದೇ ಓದುವುದು ಸೂಕ್ತ. ಅದೇ ಮಾದರಿಯ ಪ್ಯಾಕ್‌ಗಳು ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ನಿಂತು ಪೂರ್ತಿ ಬರಿದಾದರೆ ಮತ್ತೆ ಬಳಕೆಗೆ ಬಾರದಂತೆ ಹಾಳಾದ ಪ್ರಕರಣಗಳು 2012ರಲ್ಲಿ ಸಾರ್ವಜನಿಕ ಚರ್ಚೆಗೆ ಬಂದವು. ಕಡಿಮೆ ಓಡಿದ ಕಾರು ಎಂಬುದು ಒಳ್ಳೆಯ ಬ್ಯಾಟರಿ ಎಂಬುದಕ್ಕೆ ಪುರಾವೆಯಲ್ಲ ಎಂಬ ನಿರ್ಣಯಕ್ಕೆ ಇಷ್ಟು ಆಧಾರ ಸಾಕು.

4. ಛೇದದ ಸಮಸ್ಯೆ

ಹೆಲ್ತ್ ಒಂದು ಭಿನ್ನರಾಶಿ. ಅದರ ಛೇದವಾಗಿ ಒಟ್ಟು ಸಾಮರ್ಥ್ಯವನ್ನು ಇಟ್ಟುಕೊಂಡರೋ ಬಳಕೆಯ ಸಾಮರ್ಥ್ಯವನ್ನು ಇಟ್ಟುಕೊಂಡರೋ ಎಂಬುದನ್ನು ಮಾರಾಟದ ಮಾತುಕತೆಯಲ್ಲಿ ಹೇಳುವುದು ಅಪರೂಪ. ಪ್ರಕಟಿತ ಅಂಕಿಗಳು ಹೀಗಿವೆ.

(ಅ) ಮೊದಲ ಆವೃತ್ತಿಯ ಟೈಕಾನ್, ದೊಡ್ಡ ಪ್ಯಾಕ್: ಒಟ್ಟು 93.4, ಬಳಕೆಗೆ 83.7 ಯೂನಿಟ್, ಅನುಪಾತ ಶೇ. 89.6. ಆಡಿ ಇ-ಟ್ರಾನ್ ಜಿಟಿಯ ಮೊದಲ ಆವೃತ್ತಿಗೂ ಇವೇ ಅಂಕಿಗಳು.
(ಆ) ಅದೇ ಟೈಕಾನ್, ಚಿಕ್ಕ ಪ್ಯಾಕ್: 79.2 ಮತ್ತು 71, ಅನುಪಾತ ಶೇ. 89.6.
(ಇ) 2024ರ ಪರಿಷ್ಕೃತ ಟೈಕಾನ್, ದೊಡ್ಡ ಪ್ಯಾಕ್: 105 ಮತ್ತು 97; ಅನುಪಾತ ಶೇ. 92.4.
(ಈ) ಬಿಎಂಡಬ್ಲ್ಯು ಐ4 ಇಡ್ರೈವ್40: 83.9 ಮತ್ತು 80.7; ಅನುಪಾತ ಶೇ. 96.2.

ಮೊದಲ ಆವೃತ್ತಿಯ ಟೈಕಾನ್ ಒಂದರಲ್ಲಿ ಇಂದು 80 ಯೂನಿಟ್ ಬಳಕೆಗೆ ಸಿಗುತ್ತದೆ ಎಂದುಕೊಳ್ಳೋಣ. ಛೇದ 93.4 ಆದರೆ ಹೆಲ್ತ್ ಶೇ. 85.7, ಛೇದ 83.7 ಆದರೆ ಶೇ. 95.6. ಒಂದೇ ಕಾರು, ಒಂದೇ ದಿನ, ಒಂದೇ ಅಳತೆ, ಫಲಿತಾಂಶದಲ್ಲಿ 9.9 ಅಂಕಗಳ ವ್ಯತ್ಯಾಸ. ಬಳಕೆಯ ಸಾಮರ್ಥ್ಯವನ್ನು ಅಳೆದಿದ್ದರೆ ಛೇದವೂ ಬಳಕೆಯ ಸಾಮರ್ಥ್ಯವೇ ಆಗಿರಬೇಕು. ಅಂಶ ಒಂದು ಬಗೆಯದು, ಛೇದ ಇನ್ನೊಂದು ಬಗೆಯದು ಆಗಿರುವ ಹೆಲ್ತ್ ವರದಿಯನ್ನು ಬೆಲೆಯ ಆಧಾರವಾಗಿ ಸ್ವೀಕರಿಸಲಾಗದು.

ಇನ್ನೊಂದು ತೊಡಕೂ ಇದೆ. ಒಟ್ಟು ಮತ್ತು ಬಳಕೆಯ ಸಾಮರ್ಥ್ಯಗಳ ನಡುವಿನ ಮೀಸಲನ್ನು ತಯಾರಕರು ಸಾಫ್ಟ್‌ವೇರ್ ಮೂಲಕ ಬದಲಿಸಬಲ್ಲರು. ಮೀಸಲಿನ ಸ್ವಲ್ಪ ಭಾಗವನ್ನು ಬಿಟ್ಟುಕೊಟ್ಟರೆ ಸವಕಳಿ ಕೆಲಕಾಲ ಮರೆಯಾಗಬಹುದು; ಸುರಕ್ಷತೆಗಾಗಿ ಚಾರ್ಜ್ ಮಿತಿಯನ್ನು ಇಳಿಸಿದ್ದರೆ ಇಲ್ಲದ ಸವಕಳಿ ಕಾಣಬಹುದು. ಆದ್ದರಿಂದ ಅಳತೆಯ ದಿನಾಂಕದ ಜೊತೆ ಸಾಫ್ಟ್‌ವೇರ್ ಆವೃತ್ತಿಯನ್ನೂ ಬರೆದಿಡಬೇಕು.

5. ಅಳತೆಯ ವಿಧಾನ

ಮೂರು ವಿಧಾನಗಳು ಸಾಧ್ಯ. ಒಂದೊಂದಕ್ಕೂ ತನ್ನದೇ ದೋಷವಿದೆ.

5.1 ಡಯಾಗ್ನೋಸ್ಟಿಕ್ ಪೋರ್ಟಿನಿಂದ ಓದುವುದು. ಇದು ಕಾರಿನ ಬ್ಯಾಟರಿ ನಿರ್ವಹಣಾ ವ್ಯವಸ್ಥೆಯ ಸ್ವಂತ ಅಂದಾಜು, ಸ್ವತಂತ್ರ ಅಳತೆಯಲ್ಲ. ಎಲ್ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳಲ್ಲಿ ವೋಲ್ಟೇಜ್ ರೇಖೆ ಬಹುಪಾಲು ಸಮತಟ್ಟಾಗಿರುವುದರಿಂದ, ಆಗಾಗ ಶೇ. 100ರವರೆಗೆ ಚಾರ್ಜ್ ಮಾಡದ ಕಾರಿನಲ್ಲಿ ಈ ಅಂದಾಜು ಜಾರುವ ಸಂಭವ ಹೆಚ್ಚು. ಇದೇ ಓದಿನಲ್ಲಿ ಸಿಗುವ ಸೆಲ್ ಗುಂಪುಗಳ ವೋಲ್ಟೇಜ್ ಅಂತರ ಹೆಚ್ಚು ಉಪಯುಕ್ತ. ಸರಣಿಯಲ್ಲಿ ಅತಿ ದುರ್ಬಲ ಗುಂಪು ಎಷ್ಟು ಕೊಡುತ್ತದೋ ಇಡೀ ಪ್ಯಾಕ್ ಅಷ್ಟೇ ಕೊಡುತ್ತದೆ. ಸರಾಸರಿ ಚೆನ್ನಾಗಿದ್ದೂ ಒಂದು ಗುಂಪು ಹಿಂದೆ ಬಿದ್ದಿದ್ದರೆ ಅದು ಮಾಡ್ಯೂಲ್ ರಿಪೇರಿಯ ಸೂಚನೆಯಾಗಿರಬಹುದು.

5.2 ಗೋಡೆಯ ಪ್ಲಗ್ಗಿನಲ್ಲಿ ಮೀಟರ್ ಇಟ್ಟು ಚಾರ್ಜ್ ಮಾಡುವುದು. ಬೂದಿಕೋಟೆಯಂತಹ ಹೋಬಳಿ ಕೇಂದ್ರದ ಮನೆಯಲ್ಲಿ ಸಾಮಾನ್ಯವಾಗಿ ಲಭ್ಯವಿರುವುದು ಬೆಸ್ಕಾಂನ ಸಿಂಗಲ್ ಫೇಸ್ ಸಂಪರ್ಕ ಮತ್ತು 15–16 ಆಂಪಿಯರ್ ಪಾಯಿಂಟ್. ಅದರಿಂದ ಸುಮಾರು 3.3 ಕಿಲೋವ್ಯಾಟ್. ಬಳಕೆಗೆ 80 ಯೂನಿಟ್ ಇರುವ ಪ್ಯಾಕನ್ನು ಶೇ. 10ರಿಂದ 100ಕ್ಕೆ ಏರಿಸಲು 72 ಯೂನಿಟ್ ಒಳಗೆ ಹೋಗಬೇಕು, ದಕ್ಷತೆ ಶೇ. 88 ಎಂದರೆ ಗೋಡೆಯಲ್ಲಿ ಸುಮಾರು 82 ಯೂನಿಟ್, ಸಮಯ ಸುಮಾರು 25 ಗಂಟೆ. ನಡುವೆ ಕರೆಂಟ್ ಹೋದರೆ ಅಳತೆ ತುಂಡಾಗುತ್ತದೆ. ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಗುರುತು ಹಾಕಿಕೊಳ್ಳಬೇಕು.

ದಕ್ಷತೆಯ ಊಹೆ ಇಲ್ಲಿ ನಿರ್ಣಾಯಕ. ಮೀಟರ್ 82.0 ಯೂನಿಟ್ ತೋರಿಸಿದೆ ಎನ್ನೋಣ. ದಕ್ಷತೆ 0.88 ಆದರೆ ಬಳಕೆಯ ಸಾಮರ್ಥ್ಯ 80.2 ಯೂನಿಟ್, 0.92 ಆದರೆ 83.8. 83.7ರ ಛೇದದಲ್ಲಿ ಇವು ಕ್ರಮವಾಗಿ ಶೇ. 95.8 ಮತ್ತು ಶೇ. 100.1. ದಕ್ಷತೆಯೊಂದರ ಊಹೆಯಿಂದಲೇ 4.3 ಅಂಕಗಳು ಸರಿಯುತ್ತವೆ. ಚಾರ್ಜ್ ಆಗುವಾಗ ಕಾರಿನ ಗಣಕ, ಪಂಪುಗಳು ತಾವೇ 250 ವ್ಯಾಟ್ ಬಳಸುತ್ತವೆ ಎಂದುಕೊಂಡರೆ ಅದು 3.3 ಕಿಲೋವ್ಯಾಟಿನ ಶೇ. 7.6, 11 ಕಿಲೋವ್ಯಾಟಿನ ಶೇ. 2.3 ಮಾತ್ರ. ಹಾಗಾಗಿ ಸಾಧ್ಯವಿದ್ದಲ್ಲಿ ಮೂರು ಫೇಸಿನ 11 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಅಳೆಯುವುದು ಮೇಲು.

5.3 ಓಡಿಸಿ ನೋಡುವುದು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಸುಮಾರು 70 ಕಿ.ಮೀ., 2024ರ ಡಿಸೆಂಬರ್‌ನಿಂದ ಸಂಚಾರಕ್ಕೆ ತೆರೆದಿದೆ. ಸಿಗ್ನಲ್ ಇಲ್ಲದ ಈ ರಸ್ತೆ ಸ್ಥಿರ ವೇಗದ ಪರೀಕ್ಷೆಗೆ ಅನುಕೂಲ. ಏರಿಳಿತ ಮತ್ತು ಗಾಳಿಯ ಪರಿಣಾಮ ಪರಸ್ಪರ ಕಳೆಯಲು ಹೋಗಿಬರುವ ಎರಡೂ ದಾರಿಯನ್ನು ಸೇರಿಸಬೇಕು. 140 ಕಿ.ಮೀ.ಗೆ ನೂರು ಕಿ.ಮೀ.ಗೆ 22 ಯೂನಿಟ್‌ನಂತೆ 30.8 ಯೂನಿಟ್ ಖರ್ಚಾದರೆ, 83.7ರ ಪ್ಯಾಕಿನಲ್ಲಿ ಚಾರ್ಜ್ ಸುಮಾರು 37 ಅಂಕ ಇಳಿಯುತ್ತದೆ. ಪರದೆಯಲ್ಲಿ ಒಂದು ಅಂಕದ ಪೂರ್ಣಾಂಕೀಕರಣವೇ ಶೇ. 2.7 ದೋಷ ತರುತ್ತದೆ. ಅಲ್ಲದೆ ಖರ್ಚಾದ ಯೂನಿಟ್‌ಗಳನ್ನು ಎಣಿಸುವುದೂ ಕಾರಿನ ಗಣಕವೇ. ಆದ್ದರಿಂದ ಈ ವಿಧಾನವನ್ನು ಮೊದಲಿನ ಎರಡಕ್ಕೆ ಪೂರಕವಾಗಿ ಮಾತ್ರ ಬಳಸಬೇಕು.

6. ದೋಷ ಬೆಲೆಯಲ್ಲಿ ಹಿಗ್ಗುವ ಬಗೆ

ಬೆಲೆಯನ್ನು ಮೂರು ಅಂಶಗಳಾಗಿ ಬಿಡಿಸಿಡುವುದು ಸರಳ ಕ್ರಮ: ಬ್ಯಾಟರಿ ಬಿಟ್ಟು ಉಳಿದ ಕಾರು, ಬ್ಯಾಟರಿ, ಉಳಿದಿರುವ ವಾರಂಟಿ. ಬ್ಯಾಟರಿ ಅಂಶಕ್ಕೆ ಒಂದು ಸ್ಥೂಲ ಸೂತ್ರವನ್ನು ಪರೀಕ್ಷೆಗಾಗಿ ಇಡಬಹುದು. ಹೆಚ್ಚಿನ ವಾರಂಟಿಗಳು ಶೇ. 70ನ್ನು ಕೆಳಮಿತಿಯಾಗಿ ಹಿಡಿಯುವುದರಿಂದ, ಹೆಲ್ತ್‌ನಲ್ಲಿ 0.70 ಕಳೆದು 0.30ರಿಂದ ಭಾಗಿಸಿದರೆ ಉಳಿದ ಭಾಗ ಸಿಗುತ್ತದೆ. ಅದನ್ನು ಹೊಸ ಪ್ಯಾಕಿನ ಬೆಲೆಯಿಂದ ಗುಣಿಸಬೇಕು.

ಹೊಸ ಪ್ಯಾಕಿಗೆ ₹20 ಲಕ್ಷ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. ಇದು ಯಾವ ತಯಾರಕರ ದರವೂ ಅಲ್ಲ. 4ನೆಯ ಭಾಗದ ಶೇ. 85.7ರ ಪ್ರಕಾರ ಬ್ಯಾಟರಿ ಅಂಶ ₹10.5 ಲಕ್ಷ, ಶೇ. 95.6ರ ಪ್ರಕಾರ ₹17.1 ಲಕ್ಷ. ಛೇದದ ಗೊಂದಲವೊಂದರಿಂದಲೇ ₹6.6 ಲಕ್ಷ ವ್ಯತ್ಯಾಸ.

ಛೇದ ಸರಿಯಾಗಿದ್ದರೂ ಅಳತೆಯ ದೋಷ ಉಳಿಯುತ್ತದೆ. ಮೀಟರ್ ಶೇ. 1, ದಕ್ಷತೆ ಶೇ. 3, ಪರದೆಯ ಚಾರ್ಜ್ ಅಂಕಿ ಶೇ. 2 ಎಂದು ಅಂದಾಜಿಸಿ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಶೇ. 3.7. ಶೇ. 95.6 ಹೆಲ್ತ್‌ನಲ್ಲಿ ಅದು ±3.6 ಅಂಕ. ಸೂತ್ರದ 0.30ರಿಂದ ಭಾಗಿಸಿದಾಗ ±0.12, ಹಣದಲ್ಲಿ ±₹2.4 ಲಕ್ಷ. ಅಂದರೆ ಹೆಲ್ತ್‌ನ ಪ್ರತಿ ಅಂಕದ ದೋಷವೂ ಬ್ಯಾಟರಿ ಅಂಶದಲ್ಲಿ 3.3 ಪಟ್ಟಾಗುತ್ತದೆ. “ಹೆಲ್ತ್ ಶೇ. 94.3” ಎಂಬಂತಹ ದಶಮಾಂಶದ ನಿಖರತೆ ಮೇಲಿನ ವಿಧಾನಗಳಿಂದ ಸಿಗುವಂಥದ್ದಲ್ಲ.

ಸೂತ್ರದ ಎರಡು ದೌರ್ಬಲ್ಯಗಳನ್ನು ಒಪ್ಪಬೇಕು. ಶೇ. 70 ಎಂಬುದು ವಾರಂಟಿಯ ಮಿತಿ, ಬ್ಯಾಟರಿಯ ಅಂತ್ಯವಲ್ಲ. ಅದಕ್ಕಿಂತ ಕೆಳಗೂ ಕಾರು ಓಡುತ್ತದೆ, ಪ್ಯಾಕಿಗೆ ಬೆಲೆಯೂ ಇರುತ್ತದೆ. ಎರಡನೆಯದಾಗಿ, ಮಿತಿಯ ಹತ್ತಿರ ಬೆಲೆ ಸರಾಗವಾಗಿ ಇಳಿಯುವುದಿಲ್ಲ. ವಾರಂಟಿ ಚಾಲ್ತಿಯಲ್ಲಿರುವಾಗ ಶೇ. 69ರ ಪ್ಯಾಕ್ ಉಚಿತ ದುರಸ್ತಿಗೆ ಅರ್ಹವಾಗಬಹುದು, ಶೇ. 71ರದು ಆಗಲಾರದು. ಹಾಗಾಗಿ ಆ ವಲಯದಲ್ಲಿ ಕಡಿಮೆ ಹೆಲ್ತ್‌ನ ಕಾರಿಗೆ ಹೆಚ್ಚು ಬೆಲೆ ಬರುವುದು ತರ್ಕಕ್ಕೆ ವಿರುದ್ಧವಲ್ಲ. ಆದರೆ ವಾರಂಟಿ ಸಾಮಾನ್ಯವಾಗಿ ಮಿತಿಯ ಮೇಲಕ್ಕೆ ತರುವ ಭರವಸೆಯೇ ಹೊರತು ಹೊಸ ಪ್ಯಾಕಿನ ಭರವಸೆಯಲ್ಲ.

ಸರಾಸರಿ ಅಂಕಿಗಳಿಂದ ಈ ಕೊರತೆ ತುಂಬುವುದಿಲ್ಲ. ವಾಹನ ಮಾಹಿತಿ ಸಂಸ್ಥೆ ಜಿಯೋಟ್ಯಾಬ್ ವರ್ಷಕ್ಕೆ ಸರಾಸರಿ ಸವಕಳಿಯನ್ನು 2019ರಲ್ಲಿ ಶೇ. 2.3 ಎಂದೂ 2024ರಲ್ಲಿ ಶೇ. 1.8 ಎಂದೂ ಪ್ರಕಟಿಸಿತು. ನಾಲ್ಕು ವರ್ಷದ ಕಾರಿಗೆ ಇವು ಕ್ರಮವಾಗಿ ಶೇ. 90.8 ಮತ್ತು ಶೇ. 92.8 ಹೆಲ್ತ್ ಕೊಡುತ್ತವೆ. ಇವು ಬಹುಪಾಲು ಸಾಮಾನ್ಯ ಬಳಕೆಯ ಕಾರುಗಳ ಸರಾಸರಿ. ನಿರ್ದಿಷ್ಟ ಸ್ಪೋರ್ಟ್ಸ್ ಕಾರೊಂದಕ್ಕೆ ನೇರವಾಗಿ ಅನ್ವಯಿಸಲು ಆಧಾರ ಸಾಲದು.

7. ದಿನಾಂಕಗಳು ಮತ್ತು ವಾರಂಟಿ

7.1 ಆರ್‌ಸಿಯಲ್ಲಿ ವಾಹನದ ತಯಾರಿಕೆಯ ತಿಂಗಳು, ವರ್ಷ ಮತ್ತು ನೋಂದಣಿ ದಿನಾಂಕ ಇರುತ್ತವೆ. ಪ್ಯಾಕಿನ ತಯಾರಿಕಾ ದಿನಾಂಕಕ್ಕೆ ಕಲಂ ಇಲ್ಲ. 2020ರ ಆಗಸ್ಟ್ 12ರ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಸಲಹಾ ಪತ್ರ ವಿದ್ಯುತ್ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನು ಬ್ಯಾಟರಿಯಿಲ್ಲದೆಯೂ ನೋಂದಾಯಿಸಬಹುದೆಂದೂ ಬ್ಯಾಟರಿಯ ವಿವರ ನೋಂದಣಿಗೆ ಅಗತ್ಯವಿಲ್ಲವೆಂದೂ ಹೇಳಿತು. ಕಾರುಗಳಿಗೆ ಅದು ಅನ್ವಯಿಸದು. ಆದರೆ ನೋಂದಣಿ ಪದ್ಧತಿ ಬ್ಯಾಟರಿಯನ್ನು ವಾಹನದ ಗುರುತಿನ ಭಾಗವಾಗಿ ಪರಿಗಣಿಸಿಲ್ಲ ಎಂಬುದಕ್ಕೆ ಸೂಚಕ.

7.2 ತಯಾರಿಕೆಯ ದಿನಾಂಕ ಏಕೆ ಮುಖ್ಯ ಎಂಬುದಕ್ಕೆ ಕಿಯಾ ಇವಿ6 ಉದಾಹರಣೆ. 2022ರ ಜೂನ್ 2ರಂದು ಭಾರತದಲ್ಲಿ ಬಿಡುಗಡೆಯಾದ ಈ ಕಾರನ್ನು ಚಾರ್ಜಿಂಗ್ ನಿಯಂತ್ರಣ ಘಟಕದ ಸಾಫ್ಟ್‌ವೇರ್ ಸರಿಪಡಿಸಲು ಎರಡು ಬಾರಿ ಹಿಂದಕ್ಕೆ ಕರೆಯಲಾಯಿತು. 2024ರಲ್ಲಿ ವರದಿಯಾದ ಸಂಖ್ಯೆ 1,138, 2025ರಲ್ಲಿ 1,380. ಎರಡೂ ಬಾರಿ ತಯಾರಿಕೆಯ ಅವಧಿ 2022ರ ಮಾರ್ಚ್ 3ರಿಂದ 2023ರ ಏಪ್ರಿಲ್ 14 ಎಂದೇ ವರದಿಯಾಗಿದೆ. ಒಂದೇ ಅವಧಿಗೆ 242 ಕಾರುಗಳ ವ್ಯತ್ಯಾಸ ಇರುವುದರಿಂದ ಅವಧಿಯನ್ನಷ್ಟೇ ನಂಬದೆ ಚಾಸಿ ನಂಬರ್ ಕೊಟ್ಟು ಎರಡೂ ಕರೆಗಳ ಸ್ಥಿತಿಯನ್ನು ಪ್ರತ್ಯೇಕವಾಗಿ ವಿಚಾರಿಸುವುದು ಕ್ಷೇಮ. 2023ರ ಬೇಸಿಗೆಯ ನಂತರ ನೋಂದಣಿಯಾದ ಕಾರೂ ಆ ಅವಧಿಯಲ್ಲಿ ತಯಾರಾದದ್ದಾಗಿರಬಹುದು.

7.3 ವಾರಂಟಿ ಕೈಬದಲಾದಾಗ ಬದಲಾಗಬಹುದು. ಪೋರ್ಷೆಯ ಬ್ಯಾಟರಿ ವಾರಂಟಿ ಎಂಟು ವರ್ಷ ಅಥವಾ 1,60,000 ಕಿ.ಮೀ., ಮಿತಿ ಶೇ. 70. ಮಹೀಂದ್ರಾ ಬಿಇ 6ಕ್ಕೆ ಮೊದಲ ಖಾಸಗಿ ಮಾಲೀಕರಿಗೆ ಜೀವಿತಾವಧಿ ವಾರಂಟಿ ಘೋಷಿಸಲಾಯಿತು; ಮಾಲೀಕತ್ವ ಬದಲಾದರೆ ಅದು ಹತ್ತು ವರ್ಷ ಅಥವಾ 2,00,000 ಕಿ.ಮೀ.ಗೆ ಇಳಿಯುತ್ತದೆ. ಎರಡನೆಯ ಮಾಲೀಕ ಕೊಳ್ಳುವ ವಸ್ತು ಮೊದಲಿನವರ ಬಳಿ ಇದ್ದ ವಸ್ತುವಿಗಿಂತ ಕಾನೂನಿನ ದೃಷ್ಟಿಯಲ್ಲಿ ಕಡಿಮೆ ಎಂಬುದು ಇದರ ಅರ್ಥ. ಕಡತ ನೋಡುವವರಿಗೆ ಒಂದು ಸೂಚನೆ: ಈ ಕಾರು 2024ರ ನವೆಂಬರ್ 26ರಂದು ‘ಬಿಇ 6ಇ’ ಎಂಬ ಹೆಸರಿನಲ್ಲಿ ಅನಾವರಣಗೊಂಡು ಮರುತಿಂಗಳು ‘ಬಿಇ 6’ ಆಯಿತು, ಆರಂಭದ ಕಾಗದಗಳಲ್ಲಿ ಹಳೆಯ ಹೆಸರು ಕಂಡರೆ ಅದನ್ನು ಬೇರೆ ಮಾದರಿಯೆಂದು ಎಣಿಸಬಾರದು.

7.4 ಅಂತರರಾಷ್ಟ್ರೀಯವಾಗಿ 2022ರಲ್ಲಿ ಅಂಗೀಕೃತವಾದ ವಿಶ್ವಸಂಸ್ಥೆಯ 22ನೆಯ ಜಾಗತಿಕ ತಾಂತ್ರಿಕ ನಿಯಮ ಐದು ವರ್ಷ ಅಥವಾ 1,00,000 ಕಿ.ಮೀ.ಗೆ ಶೇ. 80, ಎಂಟು ವರ್ಷ ಅಥವಾ 1,60,000 ಕಿ.ಮೀ.ಗೆ ಶೇ. 70 ಎಂಬ ಕನಿಷ್ಠ ಮಟ್ಟವನ್ನು ಸೂಚಿಸುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2027ರ ಫೆಬ್ರವರಿ 18ರಿಂದ ವಾಹನ ಬ್ಯಾಟರಿಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ. ಆರ್‌ಸಿಯಲ್ಲಿ ಇಲ್ಲದ ಕಲಮುಗಳನ್ನು ತುಂಬುವುದೇ ಅಂಥ ದಾಖಲೆಯ ಉದ್ದೇಶ.

8. ತೆರಿಗೆ ಮತ್ತು ವಿಮೆ

8.1 ಕರ್ನಾಟಕದಲ್ಲಿ ವಿದ್ಯುತ್ ವಾಹನಗಳಿಗೆ ಹಿಂದೆ ರಸ್ತೆ ತೆರಿಗೆಯ ವಿನಾಯಿತಿ ಇತ್ತು. 2024ರ ತಿದ್ದುಪಡಿಯಿಂದ ₹25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ. 10 ಜೀವಿತಾವಧಿ ತೆರಿಗೆ ಬಂತು. ಹಾಗಾಗಿ 2021ರ ಕೊನೆಯಲ್ಲಿ ಸುಮಾರು ₹1.5 ಕೋಟಿಗೆ ಕೊಂಡ ಟೈಕಾನ್ ತೆರಿಗೆಯಿಲ್ಲದೆ ನೋಂದಣಿಯಾಗಿರಬಹುದು. ತಿದ್ದುಪಡಿಯ ನಂತರ ಅದೇ ಬೆಲೆಯ ಕಾರಿಗೆ ₹15 ಲಕ್ಷ ಸೇರುತ್ತದೆ. ಹಳೆಯ ಕಾರಿನ ಬೆಲೆ ಎಷ್ಟು ಇಳಿಯಿತು ಎಂದು ಲೆಕ್ಕ ಹಾಕುವಾಗ ಮೂಲ ಬೆಲೆ ತೆರಿಗೆ ಸೇರಿದ್ದೋ ಸೇರದ್ದೋ ಎಂಬುದನ್ನು ಸ್ಪಷ್ಟಪಡಿಸದಿದ್ದರೆ ಹೋಲಿಕೆ ಅಸಿಂಧು.

8.2 ಕೋಲಾರ ಜಿಲ್ಲೆ ಆಂಧ್ರ ಮತ್ತು ತಮಿಳುನಾಡುಗಳ ಗಡಿಯಲ್ಲಿದೆ. ಹೊರರಾಜ್ಯದ ನಂಬರಿನ ಕಾರನ್ನು ತಂದು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ ಇಲ್ಲಿನ ನಂಬರ್ ಪಡೆಯಬೇಕು. ಆಗ ಬರಬಹುದಾದ ತೆರಿಗೆಯನ್ನು ಕೆಜಿಎಫ್ ಆರ್‌ಟಿಒ ಕಚೇರಿಯಲ್ಲಿ (ಕೆಎ-08) ಬರಹದಲ್ಲಿ ಖಚಿತಪಡಿಸಿಕೊಂಡ ನಂತರವೇ ಬೆಲೆ ನಿರ್ಧರಿಸುವುದು ವಿವೇಕ. ನಂಬರ್ ಪ್ಲೇಟ್ ನೋಂದಣಿಯ ಊರನ್ನು ಹೇಳುತ್ತದೆಯೇ ಹೊರತು ಕಾರು ನಿಂತಿದ್ದ ಊರನ್ನಲ್ಲ.

8.3 ಖಾಸಗಿ ವ್ಯಕ್ತಿಯಿಂದ ಕೊಂಡರೆ ಜಿಎಸ್‌ಟಿ ಇಲ್ಲ. ನೋಂದಾಯಿತ ಡೀಲರ್ ಮಾರಿದರೆ ಅವರ ಲಾಭಾಂಶದ ಮೇಲೆ ಮಾತ್ರ ತೆರಿಗೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ 55ನೆಯ ಜಿಎಸ್‌ಟಿ ಮಂಡಳಿ ಸಭೆ ಬಳಸಿದ ವಿದ್ಯುತ್ ವಾಹನಗಳ ದರವನ್ನು ಶೇ. 12ರಿಂದ 18ಕ್ಕೆ ಏರಿಸಲು ಶಿಫಾರಸು ಮಾಡಿತು. ₹50 ಲಕ್ಷಕ್ಕೆ ಕೊಂಡು ₹55 ಲಕ್ಷಕ್ಕೆ ಮಾರಿದರೆ ₹5 ಲಕ್ಷದ ಮೇಲೆ ₹90,000. ₹55 ಲಕ್ಷದ ಮೇಲೆ ಅಲ್ಲ.

8.4 ವಿಮೆಯ ಘೋಷಿತ ಮೌಲ್ಯ ಅಂದರೆ ಐಡಿವಿಯನ್ನು ಮಾರುಕಟ್ಟೆ ಬೆಲೆಯೆಂದು ಓದುವುದು ಸರಿಯಲ್ಲ. ರೂಢಿಯ ಕೋಷ್ಟಕದಂತೆ ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ. 40, ನಾಲ್ಕರಿಂದ ಐದು ವರ್ಷಕ್ಕೆ ಶೇ. 50 ಸವಕಳಿ, ಐದು ದಾಟಿದರೆ ಪರಸ್ಪರ ಒಪ್ಪಿಗೆ. ಇಲ್ಲಿ ಹೆಲ್ತ್‌ಗೆ ಸ್ಥಾನವೇ ಇಲ್ಲ. ಇನ್ನೊಂದು ಅಂಶ: 2002ರ ಮೋಟಾರು ಸುಂಕಪಟ್ಟಿ ಭಾಗಶಃ ನಷ್ಟದ ಕ್ಲೇಮಿನಲ್ಲಿ ಟಯರ್, ಟ್ಯೂಬುಗಳ ಜೊತೆಗೆ ಬ್ಯಾಟರಿಗೂ ಶೇ. 50 ಸವಕಳಿ ಹಚ್ಚಿತು. ಅದು 12 ವೋಲ್ಟಿನ ಬ್ಯಾಟರಿಯನ್ನು ಉದ್ದೇಶಿಸಿದ್ದೆಂದು ಸಂದರ್ಭದಿಂದ ತೋರುತ್ತದೆ. ಆದರೆ ಕಾರಿನ ಅತಿ ದುಬಾರಿ ಭಾಗವೇ ಬ್ಯಾಟರಿಯಾಗಿರುವಲ್ಲಿ ಆ ಪದವನ್ನು ಪಾಲಿಸಿಯಲ್ಲಿ ಹೇಗೆ ಬಿಡಿಸಿದ್ದಾರೆ ಎಂಬುದನ್ನು ಓದದೆ ಸಹಿ ಹಾಕಬಾರದು.

9. ಸ್ಥಳೀಯ ಅಂಶಗಳು

ಸಮುದ್ರಮಟ್ಟದಿಂದ ಸುಮಾರು 800–900 ಮೀಟರ್ ಎತ್ತರದ ಕೋಲಾರ ಪ್ರಸ್ಥಭೂಮಿ ಕರಾವಳಿ ಚೆನ್ನೈಗಿಂತ ತಂಪು. ಸೆಲ್‌ಗಳ ಕಾಲಸವಕಳಿ ಉಷ್ಣತೆ ಮತ್ತು ಚಾರ್ಜ್ ಮಟ್ಟ ಎರಡರೊಂದಿಗೂ ಏರುವುದರಿಂದ, ಉಳಿದೆಲ್ಲ ಸಮವಾಗಿದ್ದರೆ, ಇಲ್ಲಿ ನಿಂತ ಕಾರು ಕರಾವಳಿಯಲ್ಲಿ ನಿಂತದ್ದಕ್ಕಿಂತ ನಿಧಾನವಾಗಿ ಸವೆಯಬೇಕು. ಶೇ. 100 ಚಾರ್ಜ್‌ನಲ್ಲಿ ವಾರಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿಗೆ ಈ ಅನುಕೂಲ ಉಳಿಯಲಾರದು.

ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ. ಪ್ಯಾಕ್ ಇರುವುದೂ ತಳದಲ್ಲೇ. ಎಕ್ಸ್‌ಪ್ರೆಸ್‌ವೇಯಿಂದ ಇಳಿದು ಹಳ್ಳಿ ರಸ್ತೆ ಹಿಡಿದರೆ ಎತ್ತರದ ಹಂಪುಗಳು ಎದುರಾಗುತ್ತವೆ. ತಳದ ರಕ್ಷಾಫಲಕದ ತರಚು, ತಗ್ಗು ಮತ್ತು ಬಿಚ್ಚಿ ಹಾಕಿದ ಬೋಲ್ಟುಗಳ ಗುರುತನ್ನು ಲಿಫ್ಟ್ ಮೇಲೇರಿಸಿ ನೋಡಬೇಕು, ಏಕೆಂದರೆ ಹೊರಗಿನ ಪೆಟ್ಟಿನ ಹಾನಿಯನ್ನು ಬ್ಯಾಟರಿ ವಾರಂಟಿ ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ.

ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲು ಮಾರ್ಗದಲ್ಲಿ ಸುಮಾರು 70 ಕಿ.ಮೀ. ಇಂಥ ಕಾರುಗಳ ಅಧಿಕೃತ ಸರ್ವಿಸ್‌ಗೆ ಈ ಪ್ರದೇಶದವರು ಬೆಂಗಳೂರನ್ನೇ ಅವಲಂಬಿಸಬೇಕಾದ್ದರಿಂದ, ನಡುದಾರಿಯಲ್ಲಿ ನಿಂತ ಕಾರನ್ನು ಫ್ಲಾಟ್‌ಬೆಡ್ ಟೋಯಿಂಗ್ ಗಾಡಿಯಲ್ಲಿ ಸಾಗಿಸುವ ವೆಚ್ಚವನ್ನೂ ಬೆಲೆಯ ಲೆಕ್ಕಕ್ಕೆ ಸೇರಿಸಬೇಕು.

10. ಸೀಮಿತ ನಿರ್ಣಯಗಳು

(ಅ) ಅಂಶ, ಛೇದ, ದಿನಾಂಕ, ಸಾಫ್ಟ್‌ವೇರ್ ಆವೃತ್ತಿ, ಚಾರ್ಜರ್ ಶಕ್ತಿ ಮತ್ತು ಊಹಿಸಿದ ದಕ್ಷತೆ, ಈ ಆರನ್ನು ಹೇಳದ ಹೆಲ್ತ್ ಅಂಕಿಯನ್ನು ಬೆಲೆಗೆ ಆಧಾರವಾಗಿ ಬಳಸಬಾರದು.

(ಆ) ಬ್ಯಾಟರಿ ಅಂಶವನ್ನು ಒಂದೇ ಮೊತ್ತವಾಗಿ ಬರೆಯದೆ ವ್ಯಾಪ್ತಿಯಾಗಿ ಬರೆಯಬೇಕು. 6ನೆಯ ಭಾಗದ ಉದಾಹರಣೆಯಲ್ಲಿ ಸರಿಯಾದ ಬರಹ ₹17.1 ಲಕ್ಷವಲ್ಲ, ₹14.7 ಲಕ್ಷದಿಂದ ₹19.5 ಲಕ್ಷ. ಮಾರುವವರೂ ಕೊಳ್ಳುವವರೂ ಈ ವ್ಯಾಪ್ತಿಯೊಳಗೆ ಚೌಕಾಸಿ ಮಾಡಿದರೆ ಇಬ್ಬರದೂ ನ್ಯಾಯವೇ. ಹೊರಗೆ ಹೋದರೆ ಯಾರಾದರೊಬ್ಬರು ಕಾರಣ ತೋರಿಸಬೇಕು.

(ಇ) ಪ್ಯಾಕಿನ ಕ್ರಮಸಂಖ್ಯೆ, ಬದಲಾವಣೆಯ ಬಿಲ್ಲು, ಹಿಂಪಡೆತದ ಕೆಲಸ ಮುಗಿದ ಪತ್ರ ಮತ್ತು ಎರಡನೆಯ ಮಾಲೀಕರಿಗೆ ಅನ್ವಯಿಸುವ ವಾರಂಟಿಯ ಬರಹರೂಪದ ದೃಢೀಕರಣ, ಈ ನಾಲ್ಕು ಕಾಗದಗಳು ಆರ್‌ಸಿಯಷ್ಟೇ ಅಗತ್ಯ. ಬ್ಯಾಟರಿ ಬಾಡಿಗೆ ಯೋಜನೆಯಡಿ ಮಾರಾಟವಾದ ಕಾರಿನಲ್ಲಿ ಪ್ಯಾಕಿನ ಒಡೆತನದ ಪತ್ರ ಐದನೆಯದಾಗುತ್ತದೆ.

(ಈ) ಶೇ. 70ರ ಮಿತಿಯನ್ನು ಆಧರಿಸಿದ ಸೂತ್ರ ತಾತ್ಕಾಲಿಕ. ಒಂದೇ ಕಾರನ್ನು ಒಂದೇ ಚಾರ್ಜರ್‌ನಲ್ಲಿ ವರ್ಷಕ್ಕೊಮ್ಮೆ ಅಳೆದ ದಾಖಲೆಗಳು ಕೂಡಿದಂತೆ 0.30 ಎಂಬ ಛೇದವನ್ನೂ ದಕ್ಷತೆಯ ಅಂದಾಜನ್ನೂ ತಿದ್ದಬೇಕಾಗುತ್ತದೆ. ಅಲ್ಲಿಯವರೆಗೆ ಇಲ್ಲಿ ಕೊಟ್ಟ ಹಣದ ಅಂಕಿಗಳನ್ನು ವಿಧಾನದ ಉದಾಹರಣೆಗಳಾಗಿ ಮಾತ್ರ ಓದಬೇಕು.